ಲೈಡನ್ ಪಂಚಾಂಗ

ಗೇನ್ಸ್‌ಬರೋ, ಇಂಗ್ಲೆಂಡ್
ಮೇ 6, 1620

ಅಕ್ಕಾ,

ಕೂತು ಓದು, ದೊಡ್ಡ ಸುದ್ದಿಯಿದೆ. ಮೂರನೇ ತಾರೀಕು ಸಂಜೆ ಯಾರೋ ಬಾಗಿಲು ಬಡಿದರು. ರಾಜನ ಚರ್ಚಿಗೆ ಯಾಕೆ ಬರುವುದಿಲ್ಲ ಎಂದು ಪಾದ್ರಿಯ ಕಡೆಯವರು ಮತ್ತೆ ವಿಚಾರಣೆಗೆ ಬಂದಿರಬೇಕೆಂದು ಒಲೆಯ ಸೌದೆ ಕೈಯಲ್ಲಿ ಹಿಡಿದೇ ತೆರೆದೆ. ನೋಡಿದರೆ ಭಾವ! ಹನ್ನೆರಡು ವರ್ಷವಾಯಿತು, ಗಡ್ಡ ನರೆತಿದೆ, ನಗು ಮಾತ್ರ ಹಾಗೇ ಇದೆ. "ಏನಮ್ಮಾ ಅರ್ಸುಲಾ, ಸೌದೆ ಹಿಡ್ಕೊಂಡು ನಿಂತಿದೀಯಲ್ಲ, ಒಳಗೆ ಕರೀತೀಯೋ ಹೊಡೀತೀಯೋ?" ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಮುದ್ರದಾಚೆಯ ಹೊಸ ನೆಲಕ್ಕೆ ನಮ್ಮವರು ಹೊರಡುವ ಹಡಗಿಗೆ ಸಾಮಾನು ಹೊಂದಿಸಲು ನಿಮ್ಮ ಲೈಡನ್ನಿನ ಸಭೆ ಅವರನ್ನು ಕಳಿಸಿದೆಯಂತೆ. ಹಲ್ ಬಂದರಿನಲ್ಲಿ ಇಳಿದು, ಲಂಡನ್ನಿಗೆ ಹೋಗುವ ದಾರಿಯಲ್ಲಿ ನನ್ನನ್ನು ನೋಡಿಕೊಂಡು ಹೋಗಲು ಬಂದರು. ಬಟಾಣಿ ಗಂಜಿ, ಬಾರ್ಲಿ ರೊಟ್ಟಿ ಇತ್ತು. ಗಂಜಿಯನ್ನು ಎರಡು ಸಲ ಹಾಕಿಸಿಕೊಂಡರು. ಊಟದ ಪ್ರಾರ್ಥನೆಗೆ ಮೊದಲು ಬೆರಳಿನಿಂದ ಮೇಜು ತಟ್ಟುವ ಅಭ್ಯಾಸ ಇನ್ನೂ ಬಿಟ್ಟಿಲ್ಲ ನೋಡು. ಬಾಗಿಲ ಅಗುಳಿ ಸಡಿಲವಾಗಿದ್ದುದನ್ನು ನಾನು ಕೇಳದೆಯೇ ಸರಿಮಾಡಿಕೊಟ್ಟರು. ಪಕ್ಕದ ಮನೆಯ ಅಟ್ಟದಲ್ಲಿ ಮಲಗಿ, ಮರುದಿನ ಬೆಳಿಗ್ಗೆ ಗಾಡಿಯವನ ಜೊತೆ ಹೊರಟುಹೋದರು. ಗಾಡಿಯಲ್ಲಿ ಲಂಡನ್ನಿಗೆ ಆರು ದಿನದ ದಾರಿ.

ಅಕ್ಕಾ, ಆ ಹಡಗಿಗೆ ನಾನೂ ಬರುತ್ತೇನೆ. ಎಡ್ಮಂಡ್ ತೀರಿಕೊಂಡು ಎರಡು ವರ್ಷವಾಯಿತು, ಮಗು ಅದಕ್ಕೂ ಮೊದಲೇ ಹೋಯಿತು. ಗಂಡನೂ ಇಲ್ಲ, ಮಗುವೂ ಇಲ್ಲ, ಸುತ್ತಮುತ್ತ ಇರುವವರೆಲ್ಲ ರಾಜನ ಚರ್ಚಿನವರು. ಇಲ್ಲಿ ನಾನು ಯಾರಿಗಾಗಿ ಇರಲಿ? ಹಡಗಿನ ಪಟ್ಟಿಗೆ ಹೆಸರು ಸೇರಬೇಕಾದರೆ ನಿಮ್ಮ ಹಿರಿಯರು ಒಪ್ಪಬೇಕಂತೆ. ಹಿರಿಯ ಅಂಬ್ರೋಸ್ ಅವರ ಹತ್ತಿರ ನನ್ನ ಪರವಾಗಿ ಒಂದು ಮಾತು ಹೇಳು.

ಒಂದು ವಿಷಯ ಮಾತ್ರ ಎದೆಯಲ್ಲಿ ಕುಟುಕುತ್ತಿದೆ. ಹೆರಿಗೆಯಾದ ಮೇಲೆ ಬಿಳಿ ಮುಸುಕು ಹಾಕಿಕೊಂಡು, ರಾಜನ ಚರ್ಚಿಗೆ ಹೋಗಿ, ಪಾದ್ರಿಯ ಮುಂದೆ ಮಂಡಿಯೂರಿ ಬಾಣಂತಿ ಶುದ್ಧಿ ಮಾಡಿಸಿಕೊಂಡದ್ದನ್ನು ನಿನಗೊಬ್ಬಳಿಗೇ ಬರೆದಿದ್ದೆ. ಹೋಗದಿದ್ದರೆ ಸೆರೆಮನೆ ಎಂದು ಎಡ್ಮಂಡ್ ಹೆದರಿದ್ದ. ನಾವು ಯಾವುದನ್ನು ಬೇಡವೆಂದು ಬಿಟ್ಟೆವೋ ಅದಕ್ಕೇ ಮಂಡಿಯೂರಿದೆ. ಹಡಗು ಹತ್ತಲು ನಮ್ಮವರೆಲ್ಲ ಸೌತಾಂಪ್ಟನ್ನಿನಲ್ಲಿ ಸೇರಿದಾಗ ಅವರೆದುರು ನಾನೇ ನಿಂತು ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ.

ನಿನ್ನ ತಂಗಿ
ಅರ್ಸುಲಾ


ಲೈಡನ್, ಹಾಲೆಂಡ್
ಜೂನ್ 5, 1620

ತಂಗಿ ಅರ್ಸುಲಾಗೆ,

ನಿನ್ನ ಕಾಗದ ಮೊನ್ನೆ ಬಂತು. ಕ್ಷೇಮವೆಂದು ತಿಳಿದು ಸಂತೋಷ. ನಾವೂ ಕ್ಷೇಮ. ಫೀಬಿಗೆ ಮಾತ್ರ ಎದೆಯಲ್ಲಿ ಕಫ. ಎಂಟು ವರ್ಷದ ಹುಡುಗಿ, ಉಣ್ಣೆ ಬಾಚಿ ಬಾಚಿ ಧೂಳೆಲ್ಲ ಒಳಗೆ ಹೋಗಿದೆ. ಅವಳನ್ನು ಹಡಗು ಹತ್ತಿಸುವ ಹಾಗಿಲ್ಲ. ಗಟ್ಟಿಮುಟ್ಟಾದವರು ಮೊದಲು ಹೋಗಲಿ, ಉಳಿದವರು ಮುಂದಿನ ವರ್ಷ ಬರಲಿ ಎಂದು ಸಭೆ ತೀರ್ಮಾನಿಸಿತು. ಆದ್ದರಿಂದ ನಿನ್ನ ಭಾವ ಅಲ್ಲಿಂದ ಹಾಗೆಯೇ ಹಡಗಿಗೆ, ನಾನು ಮಗಳ ಜೊತೆ ಇಲ್ಲೇ. ಏಪ್ರಿಲ್‌ನಲ್ಲೇ ಬೀಳ್ಕೊಂಡು ಹೋಗಿದ್ದಾರೆ.

ಬಟಾಣಿ ಗಂಜಿಯನ್ನು ಎರಡು ಸಲ ಹಾಕಿಸಿಕೊಂಡರೇ? ನನ್ನ ಮನೆಯಲ್ಲಿ ಬಟಾಣಿ ಕಂಡರೆ ಮುಖ ಆಚೆ ತಿರುಗಿಸುತ್ತಾರೆ. ನೀನು ಏನು ಹಾಕಿ ಮಾಡುತ್ತೀಯೋ ಬರೆದು ಕಳಿಸು. ಅವರು ಎಷ್ಟು ಹೊತ್ತು ಕೂತಿದ್ದರು, ಏನೇನು ಮಾತಾಡಿದರು, ಅಗುಳಿ ಬಿಟ್ಟು ಇನ್ನೇನು ಸರಿಮಾಡಿಕೊಟ್ಟರು, ಅದನ್ನೂ ಬರೆ. ಇಲ್ಲಿ ನಮ್ಮ ಕಿಟಕಿ ಮೂರು ವರ್ಷದಿಂದ ಸರಿಯಾಗಿ ಮುಚ್ಚುವುದಿಲ್ಲ. ದೂರವಿರುವವರಿಗೆ ಇಂಥ ಸಣ್ಣಪುಟ್ಟ ಸಂಗತಿ ತಿಳಿಯುವುದೇ ಒಂದು ಸಂತೋಷ.

ಹಿರಿಯರ ಹತ್ತಿರ ಖಂಡಿತ ಮಾತಾಡುತ್ತೇನೆ.

ಡಾರ್ಕಸ್


ಲೈಡನ್
ಅದೇ ಜೂನ್ 5

ಅರ್ಸುಲಾ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಬರೆದು ಹಿಟ್ಟಿನ ಪೀಪಾಯಿಯ ಕೆಳಗೆ ಇಡುತ್ತೇನೆ. ಬರೆಯದೆ ಹೋದರೆ ಹೊಟ್ಟೆ ಸಿಡಿದುಹೋಗುತ್ತದೆ.

ನಿನ್ನ ಕಾಗದದ ಹಿಂದೆಯೇ ಇವತ್ತು ಅವನದೂ ಬಂತು. ಹೌದು, ಅವನು. 'ಅವರು' ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. "ಮೇ ಇಪ್ಪತ್ತು, ಈಗ ತಾನೇ ಲಂಡನ್ ಮುಟ್ಟಿದೆ" ಎಂದು ಬರೆದಿದ್ದಾನೆ. ನೀನು ನೋಡಿದರೆ ಮೇ ನಾಲ್ಕರ ಬೆಳಿಗ್ಗೆಯೇ ಹೊರಟರು ಎನ್ನುತ್ತೀಯ. ಆರು ದಿನದ ದಾರಿ ಎಂದೂ ನೀನೇ ಬರೆದಿದ್ದೀಯ. ಹತ್ತಕ್ಕೆ ಮುಟ್ಟಬೇಕಾದವನು ಇಪ್ಪತ್ತಕ್ಕೆ ಮುಟ್ಟಿದ್ದಾನೆ. ನಡುವಿನ ಹತ್ತು ದಿನ ಎಲ್ಲಿದ್ದ?

ನನ್ನನ್ನು ಪೆದ್ದಿ ಎಂದುಕೊಳ್ಳಬೇಡ. ಇಂಗ್ಲೆಂಡಿನ ತಾರೀಕು ಹಾಲೆಂಡಿನ ತಾರೀಕಿಗಿಂತ ಹತ್ತು ದಿನ ಹಿಂದೆ ಎನ್ನುವುದು ಇಲ್ಲಿ ಹನ್ನೆರಡು ವರ್ಷ ಕಳೆದ ನನಗೆ ಗೊತ್ತು. ಅಲ್ಲಿಂದ ಯಾವ ಕಾಗದ ಬಂದರೂ ಹತ್ತು ಕೂಡಿಸಿಯೇ ಓದುತ್ತೇನೆ. ನಿನ್ನದಕ್ಕೂ ಕೂಡಿಸಿದೆ, ಅವನದಕ್ಕೂ ಕೂಡಿಸಿದೆ. ಇಬ್ಬರಿಗೂ ಒಂದೇ ಲೆಕ್ಕ. ನಿನ್ನ ಕಾಗದ ಬರಲು ಹದಿನೆಂಟು ದಿನ ಹಿಡಿಯಿತು, ಅವನದು ಆರೇ ದಿನದಲ್ಲಿ ಬಂದಿದೆ. ಅವನಿಗೆ ಗಾಳಿಯೂ ಜೊತೆಗಾರ. ಮಗ್ಗದ ಮುಂದೆ ಕೂತು ಎಳೆ ಎಣಿಸುವ ಹಾಗೆ ಮೂರು ಸಲ ಎಣಿಸಿದೆ. ಮೂರು ಸಲವೂ ಹತ್ತು ದಿನ ಬಂತು.

ಪಕ್ಕದ ಮನೆಯ ಅಟ್ಟದಲ್ಲಿ ಮಲಗಿದರಂತೆ! ಕೇಳದೆಯೇ ಅಗುಳಿ ಸರಿಮಾಡಿದರಂತೆ! ಬೆರಳಿನಿಂದ ಮೇಜು ತಟ್ಟುವುದನ್ನು ಇವಳು ನನಗೆ ಬರೆದು ತಿಳಿಸುತ್ತಾಳೆ. ಆ ಬೆರಳಿನ ಸದ್ದು ಹನ್ನೊಂದು ವರ್ಷದಿಂದ ದಿನಕ್ಕೆ ಎರಡು ಹೊತ್ತು ಕೇಳುತ್ತಿರುವವಳು ನಾನು.

ಅವನು ಮೊದಲು ನಿನ್ನವನು. ಮರೆತಿಲ್ಲ. ರಾಜನ ಕಣ್ಣು ತಪ್ಪಿಸಿ ನಾವೆಲ್ಲ ಹಾಲೆಂಡಿಗೆ ಹೊರಟ ದಿನ, ಹಂಬರ್ ನದಿ ಸಮುದ್ರ ಸೇರುವಲ್ಲಿ, ನೀರಿಳಿದು ನಮ್ಮ ಹೆಂಗಸರ ದೋಣಿ ಕೆಸರಿನಲ್ಲಿ ಹೂತಾಗ, ಗಂಡಸರು ಆಗಲೇ ಹಡಗಿನಲ್ಲಿದ್ದರು. ನಮ್ಮನ್ನು ಹಿಡಿಯಲು ಕುದುರೆಯವರು ಬರುವುದು ಕಂಡದ್ದೇ ಡಚ್ ಕಪ್ತಾನ ಹಾಯಿ ಎತ್ತಿಬಿಟ್ಟ. ನಿನಗೆ ಹತ್ತೊಂಬತ್ತು, ಅವನ ಜೊತೆ ಮದುವೆ ಗೊತ್ತಾಗಿತ್ತು. ನೀನು ಸೊಂಟದವರೆಗೆ ಕೆಸರಿಗಿಳಿದು "ಜರ್ವಸ್, ಜರ್ವಸ್" ಎಂದು ಕೂಗಿದೆ. ನಾನು ನಿನ್ನ ತೋಳು ಹಿಡಿದು ಎಳೆಯುತ್ತಿದ್ದೆ. ಅವನು ಹಡಗಿನ ಅಂಚಿನಲ್ಲಿ ನಿಂತು ನಮ್ಮ ಕಡೆಗೆ ಕೈ ಚಾಚಿದ್ದ. ಯಾರ ಕಡೆಗೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಆ ವರ್ಷದ ಕೊನೆಗೆ ನಾನು ದಾಟಿ ಬಂದೆ, ನೀನು ಕಾಯಿಲೆಯ ಅಮ್ಮನ ಹತ್ತಿರ ಉಳಿದೆ. ಮುಂದಿನ ವರ್ಷ ಲೈಡನ್ನಿನ ಅಧಿಕಾರಿಯ ಮುಂದೆ ನಿಂತು ನಾವು ಮದುವೆಯಾದೆವು. ನಾನು ಕದ್ದಿಲ್ಲ. ಬಿದ್ದಿದ್ದನ್ನು ಎತ್ತಿಕೊಂಡೆ, ಅಷ್ಟೇ.

ಈಗ ನಾನು ಇಲ್ಲಿ ಮಗ್ಗದ ಮುಂದೆ, ನೀವಿಬ್ಬರೂ ಅಲ್ಲಿ ಒಂದೇ ಹಡಗಿನಲ್ಲಿ ಎರಡು ತಿಂಗಳು, ಆಮೇಲೆ ಒಂದೇ ಕಾಡಿನಲ್ಲಿ ಒಂದು ವರ್ಷ! ನಾನು ಹೋಗುವ ಹೊತ್ತಿಗೆ ನನಗೆ ಅಲ್ಲಿ ಯಾವ ಜಾಗ ಉಳಿದಿರುತ್ತದೆ? ಇದು ಆಗಲು ಬಿಡುವುದಿಲ್ಲ. ನಿನ್ನ ಬಿಳಿ ಮುಸುಕು ನನ್ನ ಕೈಯಲ್ಲಿದೆ.


ಗೇನ್ಸ್‌ಬರೋ
ಜೂನ್ 12, 1620

ಅಕ್ಕಾ,

ನಿನ್ನ ಕಾಗದ ಓದಿ ಕಣ್ಣು ತುಂಬಿತು. ಇಷ್ಟು ವರ್ಷ ನಿನ್ನ ಕಾಗದಗಳಲ್ಲಿ ಕ್ಷೇಮಸಮಾಚಾರ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಈಗ ಗಂಜಿಗೆ ಏನು ಹಾಕುತ್ತೀಯ ಎಂದು ಕೇಳಿದ್ದೀಯ! ಚಿಕ್ಕಂದಿನಲ್ಲಿ ಒಂದೇ ಹೊದಿಕೆಯಲ್ಲಿ ಮಲಗಿ ಗುಸುಗುಸು ಮಾತಾಡುತ್ತಿದ್ದ ಅಕ್ಕ ಮತ್ತೆ ಸಿಕ್ಕಿದಳು ಎನ್ನಿಸಿತು.

ಗಂಜಿಗೆ ಪುದೀನ, ಒಂದು ತುಂಡು ಹಂದಿ ಕೊಬ್ಬು. ಅಷ್ಟೇ ಗುಟ್ಟು. ಭಾವ ಊಟವಾದ ಮೇಲೆ ದೀಪ ಹಚ್ಚುವ ಹೊತ್ತಿನವರೆಗೂ ಕೂತಿದ್ದರು. ನಿಮ್ಮ ಕಾಲುವೆಗಳ ಮಾತು, ಹೆರಿಂಗ್ ಮೀನಿನ ಮಾತು, ಫೀಬಿ ಡಚ್ ಮಕ್ಕಳ ಜೊತೆ ಸೇರಿ ಅವರ ಭಾಷೆಯಲ್ಲೇ ಜಗಳವಾಡುವ ಮಾತು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಮಾರನೆ ಬೆಳಿಗ್ಗೆ ಹೊರಡುವ ಮೊದಲು ಕೋಳಿಗೂಡಿನ ಮುರಿದ ಕಾಲಿಗೂ ಮೊಳೆ ಹೊಡೆದರು. ನಿಮ್ಮ ಕಿಟಕಿ ಸರಿಮಾಡಿಕೊಟ್ಟಿಲ್ಲವೇ? ಗಂಡಸರೇ ಹಾಗೆ, ತಮ್ಮ ಮನೆಯ ಕೆಲಸ ಕಣ್ಣಿಗೆ ಬೀಳುವುದಿಲ್ಲ.

ನೀನು ಹಿರಿಯರ ಹತ್ತಿರ ಮಾತಾಡುತ್ತೇನೆಂದ ಮೇಲೆ ಇನ್ನು ಯೋಚನೆಯೇ ಇಲ್ಲ. ಮನೆ ಬಿಟ್ಟುಕೊಟ್ಟೆ. ಕೋಳಿಗಳನ್ನೂ ಕೊಟ್ಟುಬಿಟ್ಟೆ. ಜುಲೈ ಹನ್ನೆರಡಕ್ಕೆ ಗಾಡಿಯವನ ಜೊತೆ ಸೌತಾಂಪ್ಟನ್ನಿಗೆ ಹೊರಡುತ್ತೇನೆ. ಮುಂದಿನ ವರ್ಷ ನೀನೂ ಫೀಬಿಯೂ ಬರುವ ಹೊತ್ತಿಗೆ ನಿಮಗಾಗಿ ಒಂದು ಒಲೆ ಉರಿಯುತ್ತಿರುತ್ತದೆ.

ನಿನ್ನ
ಅರ್ಸುಲಾ


ಲೈಡನ್
ಜುಲೈ 8, 1620

ಅರ್ಸುಲಾಗೆ,

ಸುದ್ದಿ ಒಳ್ಳೆಯದಲ್ಲ. ಕಳೆದ ಭಾನುವಾರ, ಕರ್ತನ ದಿನ, ಸಭೆ ನಿನ್ನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು. ಬಿಳಿ ಮುಸುಕಿನ ವಿಷಯ ಹೇಗೋ ಹಿರಿಯರ ಕಿವಿಗೆ ಬಿದ್ದಿದೆ. "ಹೊಸ ನೆಲಕ್ಕೆ ಹಳೇ ಮುಸುಕು ಹೊತ್ಕೊಂಡು ಹೋಗೋದು ಬೇಡ" ಎಂದರು ಹಿರಿಯ ಅಂಬ್ರೋಸ್. ಸಭೆಯ ಮಾತಿನ ನಡುವೆ ಹೆಂಗಸರು ಬಾಯಿ ಹಾಕುವಂತಿಲ್ಲ. ನಾನೇನು ಮಾಡಲಿ?

ಮನೆ ಬಿಟ್ಟುಕೊಡಲು ಅಷ್ಟು ಅವಸರ ಏನಿತ್ತು? ಬೇಕಾದರೆ ಪಕ್ಕದ ಮನೆಯ ಅಟ್ಟ ಇದೆಯಲ್ಲ.

ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಎಂದು ಬರೆದಿದ್ದೀಯ. ಹೇಗೆ ಗೊತ್ತಾಗಬೇಕು? ಆರು ದಿನದ ದಾರಿಗೆ ಕೆಲವರಿಗೆ ಹದಿನಾರು ದಿನ ಹಿಡಿಯುತ್ತದೆ. ನಾಲ್ಕಕ್ಕೆ ನಿನ್ನ ಮನೆ ಬಿಟ್ಟವರು ಇಪ್ಪತ್ತಕ್ಕೆ ಲಂಡನ್ ಮುಟ್ಟಿದೆ ಎಂದು ತಮ್ಮ ಕೈಯಾರೆ ಬರೆದಿದ್ದಾರೆ. ಕೋಳಿಗೂಡಿಗೆ ಮೊಳೆ ಹೊಡೆಯಲು ಹತ್ತು ದಿನವಾಯಿತೇನೋ. ನಾನು ಕೇಳುತ್ತಿಲ್ಲ. ಕೇಳುವುದೂ ಇಲ್ಲ.

ಡಾರ್ಕಸ್


ಗೇನ್ಸ್‌ಬರೋ
ಜುಲೈ 10, 1620

ಡಾರ್ಕಸ್,

ಹೇಗೋ ಕಿವಿಗೆ ಬಿದ್ದಿದೆ ಎಂದೆಯಲ್ಲ, ಹೇಗೆ ಎಂದು ನಾನು ಹೇಳಲೇ? ಮುಸುಕಿನ ವಿಷಯ ನಮ್ಮವರಲ್ಲಿ ಗೊತ್ತಿದ್ದವರು ಮೂವರು. ಒಬ್ಬ ಎಡ್ಮಂಡ್, ಅವನು ಮಣ್ಣಿನಲ್ಲಿದ್ದಾನೆ. ಒಬ್ಬಳು ನಾನು. ಇನ್ನೊಬ್ಬಳು ಲೈಡನ್ನಿನಲ್ಲಿ ಕೂತು ಗಂಜಿಗೆ ಏನು ಹಾಕುತ್ತೀಯ ಎಂದು ಕೇಳಿದಳು. ನಾನೊಬ್ಬಳು ಮೂರ್ಖಳು, ಪುದೀನ ಎಂದು ಬರೆದೆ.

ನಮ್ಮ ಸಭೆಯ ಕ್ರಮ ನಿನಗೆ ಮರೆತುಹೋಯಿತೇ? ಒಬ್ಬರಲ್ಲಿ ತಪ್ಪು ಕಂಡರೆ ಮೊದಲು ನಾವೊಬ್ಬರೇ ಹೋಗಿ ಅವರಿಗೇ ಹೇಳಬೇಕು. ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗಿ ಹೇಳಬೇಕು. ಆಗಲೂ ಕೇಳದಿದ್ದರೆ ಮಾತ್ರ ಸಭೆಗೆ. ನೀನು ನನಗೆ ಯಾವಾಗ ಹೇಳಿದೆ?

ಹತ್ತು ದಿನದ ಮಾತಿಗೆ ಬರುತ್ತೇನೆ. ಆ ಸಂಜೆ ಭಾವ ಜೇಬಿನಿಂದ ಒಂದು ಸಣ್ಣ ಪಂಚಾಂಗ ತೆಗೆದು ಮೇಜಿನ ಮೇಲೆ ಇಟ್ಟರು. ನಾನು ತಮಾಷೆ ಮಾಡಿದೆ: "ಭಾವ, ಇವತ್ತು ಮೂರನೇ ತಾರೀಕು. ನಿಮ್ಮದರಲ್ಲಿ ಹದಿಮೂರಕ್ಕೆ ಗೆರೆ ಎಳೆದಿದೀರಲ್ಲ, ಬಿಸಿಲಿಗೆ ತಲೆ ಕೆಟ್ಟಿದೆಯಾ?" ಅದಕ್ಕವರು ಹೇಳಿದರು: "ಇದು ಲೈಡನ್ ಪಂಚಾಂಗ ಕಣಮ್ಮ. ಎಲ್ಲಿದ್ರೂ ನಾನು ಇದರ ತಾರೀಕೇ ಹಿಡಿಯೋದು, ಇದರ ತಾರೀಕೇ ಬರೆಯೋದು. ಡಾರ್ಕಸ್ ಯಾವ ದಿನದಲ್ಲಿದಾಳೋ ನಾನೂ ಅದೇ ದಿನದಲ್ಲಿ ಇರ್ಬೇಕು ಅನ್ಸುತ್ತೆ."

ಅವರು ಬರೆದ ಮೇ ಇಪ್ಪತ್ತು ನಿಮ್ಮ ಇಪ್ಪತ್ತು. ನಮ್ಮ ಹತ್ತು. ಆರು ದಿನದ ದಾರಿ, ಆರೇ ದಿನ.

ಇದನ್ನು ಮೊದಲ ಕಾಗದದಲ್ಲೇ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ಗಂಜಿ ಬರೆದೆ, ಅಗುಳಿ ಬರೆದೆ, ಇದನ್ನು ಬೇಕೆಂದೇ ಬಿಟ್ಟೆ. ಯಾಕೆ ಬರೆಯಬೇಕಿತ್ತು? ನಿನ್ನ ದಿನದಲ್ಲಿ ಇರಲು ಒಬ್ಬ ಮನುಷ್ಯ ಜೇಬಿನಲ್ಲಿ ಪಂಚಾಂಗ ಇಟ್ಟುಕೊಂಡು ತಿರುಗುತ್ತಾನೆ. ನಾನು ಯಾವ ದಿನದಲ್ಲಿದ್ದೇನೆ ಎಂದು ಕೇಳುವವರು ಭೂಮಿಯ ಮೇಲೆ ಒಬ್ಬರಿಲ್ಲ. ನನಗೂ ಹೊಟ್ಟೆ ಇದೆ, ಅದಕ್ಕೂ ಉರಿಯಲು ಬರುತ್ತದೆ.

ಮನೆ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲ. ಆದರೂ ನಾಡಿದ್ದು ಸೌತಾಂಪ್ಟನ್ನಿಗೆ ಹೊರಡುತ್ತೇನೆ, ಬೇರೆ ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲ. ಹಡಗು ಹೋಗುವುದನ್ನು ದಡದಲ್ಲಿ ನಿಂತು ನೋಡುವುದು ನನಗೆ ಹೊಸದಲ್ಲ.

ಅರ್ಸುಲಾ


ಲೈಡನ್
ಆಗಸ್ಟ್ 4, 1620

ತಂಗೀ,

ನಿನ್ನ ಕಾಗದ ಶನಿವಾರ ಬಂತು. ನಮ್ಮವರು ಹಿಂದಿನ ದಿನವೇ ದೋಣಿಗಳಲ್ಲಿ ಲೈಡನ್ ಬಿಟ್ಟಿದ್ದರು. ಓದಿ ಮುಗಿಸಿ ಅವರ ಆ ಲಂಡನ್ ಕಾಗದ ತೆಗೆದು ನೋಡಿದೆ. ಆರೇ ದಿನದಲ್ಲಿ ಬಂತಲ್ಲ ಎಂದುಕೊಂಡಿದ್ದೆ. ಯಾವ ಕಾಗದ ತಾನೇ ಲಂಡನ್ನಿನಿಂದ ಆರು ದಿನದಲ್ಲಿ ಬರುತ್ತದೆ? ಹದಿನಾರು ದಿನ ಹಿಡಿದಿತ್ತು. ಕಳೆದುಹೋದ ಹತ್ತು ದಿನ ನನ್ನ ಕಣ್ಣ ಮುಂದೆಯೇ ಬಿದ್ದಿತ್ತು, ನಾನು ಗಾಳಿಯ ಮೇಲೆ ಹಾಕಿದೆ. ನನಗೆ ಬೇಕಾಗಿದ್ದುದು ನಿಮ್ಮಿಬ್ಬರ ಕಳ್ಳತನ, ಅದನ್ನೇ ಹುಡುಕಿಕೊಂಡೆ.

ನಾನು ಹೋಗಿ ಮುಸುಕಿನ ವಿಷಯ ಹೇಳಿದ ದಿನ ಹಿರಿಯ ಅಂಬ್ರೋಸ್ ನನ್ನನ್ನು ಕೇಳಿದ್ದರು: "ಮೊದಲು ಅವಳ ಹತ್ರ ನೀನೊಬ್ಳೇ ಮಾತಾಡಿದ್ಯೇನಮ್ಮ?" "ಹೂಂ, ಬರೆದಿದ್ದೆ" ಎಂದೆ. "ಇಬ್ಬರು ಸಾಕ್ಷಿ?" "ಅಷ್ಟು ದೂರದಲ್ಲಿ ಸಾಕ್ಷಿ ಎಲ್ಲಿಂದ ತರ್ಲಿ?" ಎಂದೆ. ನನ್ನ ಮುಖದ ಮೇಲೆ ಒಂದು ನೆರಿಗೆ ಬರಲಿಲ್ಲ.

ಮೊನ್ನೆ ಕರ್ತನ ದಿನ ಉಳಿದವರ ಸಭೆ ಸೇರಿತು. ಪ್ರಸಂಗ ಮುಗಿದ ಮೇಲೆ ಎದ್ದು ನಿಂತೆ. ಹೆಂಗಸರು ತಪ್ಪೊಪ್ಪಿಕೊಳ್ಳಲು ಮಾತ್ರ ಬಾಯಿ ತೆರೆಯಬಹುದು. ಹತ್ತು ದಿನದ ಲೆಕ್ಕ, ಆಡಿದ ಸುಳ್ಳು, ಹೊಟ್ಟೆಕಿಚ್ಚು, ಎಲ್ಲ ಹೇಳಿದೆ. ನನ್ನ ಪಕ್ಕದಲ್ಲಿ ಕೂತಿದ್ದವರು ಲಂಗ ಎಳೆದುಕೊಂಡು ಸರಿದು ಕೂತರು. ಮೂರು ತಿಂಗಳು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ನನ್ನನ್ನು ಕರೆಯುವುದಿಲ್ಲ. ಇರಲಿ. ನಿನ್ನ ಹೆಸರು ಮತ್ತೆ ಸೇರಿತು. ಹಿರಿಯರು ಬರೆದ ಕಾಗದ ಇದರೊಳಗಿದೆ, ಸೌತಾಂಪ್ಟನ್ನಿನಲ್ಲಿ ನಮ್ಮವರಿಗೆ ತೋರಿಸು. ನಿಮ್ಮ ಆಗಸ್ಟ್ ಐದಕ್ಕೆ ಹಡಗು ಬಿಡುತ್ತದಂತೆ. ಇಲ್ಲಿ ಇವತ್ತೇ ನಾಲ್ಕು, ಒಂದು ದಿನದಲ್ಲಿ ಇದು ನಿನಗೆ ಮುಟ್ಟುವುದು ಹೇಗೆ ಎಂದು ಗಾಬರಿಯಾದೆ. ಆಮೇಲೆ, ಅಲ್ಲಿ ಇನ್ನೂ ಜುಲೈ ಇಪ್ಪತ್ತೈದು ಎಂದು ನೆನಪಾಯಿತು. ನಿನ್ನ ಮೇಲೆ ಹೊರಿಸಿದ ಹತ್ತು ದಿನದ ಹೆಸರು ಹೇಳಿ ದೇವರಿಗೆ ಕೈಮುಗಿದೆ.

ಸಭೆಗೂ ಹೇಳದ ಇನ್ನೊಂದಿದೆ. ನಾನು ಇಂಗ್ಲೆಂಡ್ ಬಿಟ್ಟ ದಿನ ನದಿಯ ದಡದಲ್ಲಿ ನೀನು ನನ್ನ ಕೈ ಹಿಡಿದು "ಒಂದು ವರ್ಷ ಕಾಯಲಿ ಅಂತ ಜರ್ವಸ್‌ಗೆ ಹೇಳಕ್ಕಾ, ಅಮ್ಮನ್ನ ನೋಡ್ಕೊಂಡು ಬಂದ್ಬಿಡ್ತೀನಿ" ಎಂದಿದ್ದೆ. ಅವರು ಬಂದರಿಗೆ ಬಂದು "ಅರ್ಸುಲಾ ಎಲ್ಲಿ? ಏನಾದ್ರೂ ಹೇಳಿ ಕಳಿಸಿದಾಳಾ?" ಎಂದು ಕೇಳಿದರು. "ಅಮ್ಮನ ಹತ್ರ ಉಳಿದಳು" ಎಂದೆ. ಅಷ್ಟೇ ಎಂದೆ. ಆ ಒಂದು ಮಾತಿನ ಮೇಲೆ ನನ್ನ ಮನೆ ಕಟ್ಟಿದೆ. ಅದಕ್ಕೇ ಅದರಲ್ಲಿ ಒಂದು ದಿನವೂ ನೆಮ್ಮದಿಯಾಗಿ ಕೂರಲಾಗಲಿಲ್ಲ.

ಡಾರ್ಕಸ್


ಪ್ಲಿಮತ್
ಸೆಪ್ಟೆಂಬರ್ 5, 1620

ಅಕ್ಕಾ,

ನಿನ್ನ ಕಾಗದ ಆಗಸ್ಟ್ ಎರಡಕ್ಕೆ ನನ್ನ ಕೈ ಸೇರಿತು. ಹಿರಿಯರ ಕಾಗದವನ್ನು ಹಡಗುಕಟ್ಟೆಯ ಮೇಲೆ ಎಲ್ಲರೆದುರು ಓದಿದರು, ನಿನ್ನ ತಪ್ಪೊಪ್ಪಿಗೆಯೂ ಸೇರಿ. ನಾನೂ ನಿಂತು ಮುಸುಕಿನ ತಪ್ಪನ್ನು ನನ್ನ ಬಾಯಿಂದಲೇ ಹೇಳಿದೆ. ಹತ್ತು ದಿನದ ಲೆಕ್ಕ ಓದುವಾಗ ಭಾವನ ಕಿವಿ ಕೆಂಪಾಯಿತು. ಜೇಬಿನಿಂದ ಆ ಪಂಚಾಂಗ ತೆಗೆದು ಸ್ವಲ್ಪ ಹೊತ್ತು ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡು ಕಟ್ಟೆಯ ತುದಿಯವರೆಗೆ ನಡೆದುಹೋದರು.

ಆಮೇಲಿನ ಕಥೆ ನಿನಗೆ ಗೊತ್ತಾಗಿರಬಹುದು. ಎರಡು ಹಡಗುಗಳಲ್ಲಿ ಸಣ್ಣದಕ್ಕೆ ಎರಡು ಸಲ ನೀರು ನುಗ್ಗಿ ಎರಡು ಸಲವೂ ಇಂಗ್ಲೆಂಡಿಗೇ ಹಿಂದೆ ಬಂದೆವು. ಅದನ್ನು ಬಿಟ್ಟು ಎಲ್ಲರೂ ದೊಡ್ಡದರಲ್ಲೇ ಹೋಗಬೇಕು, ಎಲ್ಲರಿಗೂ ಜಾಗ ಸಾಲದು. ಭಾವನೋ ನಾನೋ ಒಬ್ಬರು ಇಳಿಯಬೇಕೆಂದಾಯಿತು.

ಭಾವ ನನ್ನನ್ನು ಇಳಿ ಎಂದರು. "ನೀನು ಡಾರ್ಕಸ್ ಹತ್ರ ಹೋಗಿರು ಅರ್ಸುಲಾ. ಹೆಂಗಸು ಒಬ್ಳೇ ಆ ಕಾಡಿಗೆ ಹೋಗಿ ಏನು ಮಾಡ್ತೀಯ?"

"ಗಂಡಸು ಹೋಗಿ ಮಾಡೋದನ್ನೇ ಮಾಡ್ತೀನಿ. ಅವಳು ಬಾಗಿಲಲ್ಲಿ ಕಾಯ್ತಿರೋದು ನನ್ನನ್ನಲ್ಲ ಭಾವ. ನಾನು ಹೋಗಿ ನಿಂತ್ರೆ ಅವಳು ನನ್ನ ಬೆನ್ನ ಹಿಂದೆ ನಿಮ್ಮನ್ನೇ ಹುಡುಕ್ತಾಳೆ."

"ಹೊರಟು ನಿಂತವನಿಗೆ ವಾಪಸ್ ಹೋಗು ಅಂತೀಯಲ್ಲ."

"ನೀವು ಒಂದ್ಸಲ ಹಡಗಲ್ಲಿ ಹೋದ್ರಿ, ನಾನು ಕೆಸರಲ್ಲಿ ನಿಂತೆ. ಈ ಸಲ ನನ್ನ ಸರದಿ" ಎಂದೆ. ಅವರು ತಮ್ಮ ಗಂಟನ್ನು ಹಡಗಿನಿಂದ ಇಳಿಸಿಕೊಂಡರು.

ನಾನು ಒಳ್ಳೆಯವಳೆಂದು ತಿಳಿಯಬೇಡ. ನಿನ್ನ ಗಂಡನನ್ನು ನಿನಗೆ ದಾನ ಮಾಡಿದೆ ಎನ್ನುವ ಜಂಬ ನನ್ನ ಜೊತೆ ಸಮುದ್ರ ದಾಟುತ್ತದೆ. ಅದೊಂದು ಸುಖವನ್ನಾದರೂ ನನಗೆ ಬಿಡು.

ನೀನು ಸಭೆಗೂ ಹೇಳದ ಆ ಇನ್ನೊಂದು ಮಾತು. ನೀನು ಹೇಳುವ ಮೊದಲೇ ನನಗೆ ಗೊತ್ತಿತ್ತು ಅಕ್ಕಾ. ಮೇ ಮೂರರ ಆ ಸಂಜೆಯೇ ಭಾವ ಗಂಜಿಯ ಬಟ್ಟಲು ಕೆಳಗಿಟ್ಟು ಕೇಳಿದರು: "ಆಗ ನೀನು ನನಗೆ ಏನೂ ಹೇಳಿ ಕಳಿಸ್ಲಿಲ್ವಲ್ಲ ಅರ್ಸುಲಾ?" ನೀನು ಏನು ಮಾಡಿದ್ದೀಯ ಎಂದು ಆ ಕ್ಷಣಕ್ಕೆ ತಿಳಿಯಿತು. ಬಾಯಿಯವರೆಗೆ ಬಂತು. "ಇಲ್ಲ ಭಾವ, ಏನೂ ಹೇಳಿ ಕಳಿಸಿರ್ಲಿಲ್ಲ" ಎಂದೆ. ಸಭೆಯ ಮುಂದೆ ನಾನು ಒಪ್ಪಿಕೊಳ್ಳದ ಸುಳ್ಳು ಅದೊಂದೇ. ಒಪ್ಪಿಕೊಳ್ಳುವುದೂ ಇಲ್ಲ.

ನಾಳೆ ಗಾಳಿ ಚೆನ್ನಾಗಿದ್ದರೆ ಹಡಗು ಬಿಡುತ್ತದೆ. ಭಾವ ನಾಳೆಯೇ ಲಂಡನ್ ದಾರಿ ಹಿಡಿಯುತ್ತಾರೆ. ಈ ಕಾಗದ ಮುದ್ರೆ ಹಾಕಿ ಅವರ ಕೈಯಲ್ಲೇ ಕೊಡುತ್ತಿದ್ದೇನೆ. ನಮ್ಮ ಸೆಪ್ಟೆಂಬರ್ ಆರು, ನಿಮ್ಮ ಹದಿನಾರು. ಬರುವುದು ತಡವಾದರೆ ಅದು ದಾರಿಯ ತಪ್ಪು. ದಿನ ಎಣಿಸಬೇಡ.

ಅರ್ಸುಲಾ


ನಿನ್ನ ಸೆಪ್ಟೆಂಬರ್ 26, ನಮ್ಮ ಅಕ್ಟೋಬರ್ 6, 1620
ಲೈಡನ್

ತಂಗೀ,

ಯಾವ ಊರೆಂದು ವಿಳಾಸ ಬರೆಯಬೇಕೋ ಗೊತ್ತಿಲ್ಲ. ಮುಂದಿನ ವರ್ಷದ ಹಡಗಿನವರ ಕೈಯಲ್ಲಿ ಕೊಡುತ್ತೇನೆ, ನೀನಿರುವ ಕಡೆ ಅವರು ಮುಟ್ಟಿಸಲಿ.

ಅವರು ನಿನ್ನೆ ಬೆಳಿಗ್ಗೆ ಬಂದರು. ದಿನ ಎಣಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತೊಂಬತ್ತು. ಫೀಬಿ ಅಪ್ಪನ ಕೊರಳಿಗೆ ಜೋತುಬಿದ್ದವಳು ಇಳಿಯಲೇ ಇಲ್ಲ. ಊಟಕ್ಕೆ ಬಟಾಣಿ ಗಂಜಿ ಮಾಡಿದೆ, ಪುದೀನ ಹಾಕಿ, ಕೊಬ್ಬು ಹಾಕಿ. ಒಂದು ಬಟ್ಟಲು ತಿಂದರು. ಎರಡನೆಯದು ಕೇಳಲಿಲ್ಲ.

ನಿನ್ನ ಕಾಗದ ಓದಿಕೊಂಡು ಫೀಬಿಯನ್ನು ನೀರಿಗೆ ಕಳಿಸಿದೆ. ನಮ್ಮ ಸಭೆಯ ಕ್ರಮವನ್ನು ಒಂದು ಸಲವಾದರೂ ಸರಿಯಾಗಿ ಪಾಲಿಸೋಣ ಎಂದು, ಅವರೊಬ್ಬರೇ ಇದ್ದಾಗ ಎದುರು ಕೂತು ಹೇಳಿದೆ. ಒಂದು ವರ್ಷ ಕಾಯಲಿ ಎಂದು ನೀನು ಹೇಳಿ ಕಳಿಸಿದ್ದು, ನಾನು ನುಂಗಿದ್ದು. ನೀನು ಅವರಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ನಿನ್ನನ್ನು ಕೇಳದೆ ಹೇಳಿದೆ, ಅದಕ್ಕೆ ಬೇಕಾದರೆ ಬೈಯಿ.

ಅವರು ಬೆರಳಿನಿಂದ ಮೇಜು ತಟ್ಟಿದರು.

"ಅವಳು ಸುಳ್ಳು ಹೇಳ್ತಿದಾಳೆ ಅಂತ ಅವತ್ತೇ ಗೊತ್ತಾಯ್ತು. ಅವಳಿಗೆ ಸುಳ್ಳು ಹೇಳೋಕೆ ಬರಲ್ಲ" ಎಂದರು.

"ಮತ್ತೆ ಯಾಕೆ ವಾಪಸ್ ಬಂದ್ರಿ?"

"ಫೀಬಿ ಇದಾಳೆ. ನೀನಿದೀಯ."

ಫೀಬಿಯ ಹೆಸರನ್ನು ಮೊದಲು ಹೇಳಿದರು. ಅದನ್ನೂ ಗಮನಿಸಿದೆ. ನನ್ನ ಬುದ್ಧಿ ಎಲ್ಲಿ ಹೋಗುತ್ತದೆ?

ಇವತ್ತು ಬೆಳಿಗ್ಗೆ ಅವರ ಕೋಟು ಒಗೆಯಲು ತೆಗೆದೆ. ಜೇಬಿನಲ್ಲಿ ಪಂಚಾಂಗವಿತ್ತು. ಲೈಡನ್ನಿನದಲ್ಲ. ಪ್ಲಿಮತ್ತಿನಲ್ಲಿ ಕೊಂಡ ಇಂಗ್ಲಿಷ್ ಪಂಚಾಂಗ, ಹೊಸದು. ಸೆಪ್ಟೆಂಬರ್ ಆರರಿಂದ ಒಂದೊಂದೇ ದಿನಕ್ಕೆ ಗೆರೆ ಎಳೆದಿದ್ದಾರೆ. ಇಪ್ಪತ್ತಾರಕ್ಕೂ ಎಳೆದಾಗಿದೆ. ಇಲ್ಲಿ, ನನ್ನ ಮನೆಯಲ್ಲಿ, ನನ್ನ ಅಕ್ಟೋಬರ್ ಆರನೇ ತಾರೀಕಿನಲ್ಲಿ ಕೂತು ಅವರು ನಿನ್ನ ದಿನ ಎಣಿಸುತ್ತಿದ್ದಾರೆ.

ಹೊಟ್ಟೆ ಉರಿಯಿತು ಅರ್ಸುಲಾ. ಒಲೆಯ ಮುಂದೆಯೇ ನಿಂತಿದ್ದೆ, ಪಂಚಾಂಗ ಕೈಯಲ್ಲೇ ಇತ್ತು. ಅಷ್ಟರಲ್ಲಿ ಫೀಬಿ ಬಂದು "ಅಮ್ಮಾ, ಚಿಕ್ಕಮ್ಮನ ಹಡಗಲ್ಲಿ ಇವತ್ತು ಯಾವ ತಾರೀಕು?" ಎಂದು ಕೇಳಿದಳು.

ಇಪ್ಪತ್ತಾರು ಎಂದೆ. ಎಣಿಸಬೇಕಾಗಲಿಲ್ಲ, ನನಗೂ ಬಾಯಲ್ಲೇ ಇತ್ತು.

ಅದಕ್ಕೆ ಒಂದು ದಾರ ಕಟ್ಟಿ, ಕಿಟಕಿಯ ಪಕ್ಕದ ಮೊಳೆಗೆ, ನಮ್ಮ ಪಂಚಾಂಗದ ಜೊತೆಗೇ ನೇತುಹಾಕಿದೆ. ಅವರು ಬಂದು ನೋಡಿದರು. ನಾಳೆಯ ಗೆರೆಯನ್ನು ನಾನೇ ಎಳೆಯುತ್ತೇನೆ.

ನಿನ್ನ ಅಕ್ಕ
ಡಾರ್ಕಸ್